ಕೈಗೆ ದುಡ್ಡು ಬಂದ ಮೇಲೂ ಬಿಡದ ಬಡತನದ ಅಭ್ಯಾಸಗಳು: ನಿಮ್ಮಲ್ಲಿ ಯಾವುದು ಉಳಿದಿದೆ?

ಎರಡನೇಮಗಳು

ನನಗೆ ಈಗ ಒಳ್ಳೆ ಸಂಬಳ ಇದೆ. ಸಾಲ ಇಲ್ಲ. ತಿಂಗಳ ಕೊನೆಯಲ್ಲೂ ಖಾತೆಯಲ್ಲಿ ದುಡ್ಡು ಇರುತ್ತದೆ. ಆದರೂ ಕಾರ್ಡ್ ಕೊಡುವ ಮೊದಲು ಒಮ್ಮೆ ಬ್ಯಾಲೆನ್ಸ್ ನೋಡದೆ ಇರಲು ಆಗುವುದಿಲ್ಲ. ಸಾಮಾನು ಬುಟ್ಟಿಗೆ ಹಾಕುತ್ತಾ ತಲೆಯಲ್ಲೇ ಕೂಡುತ್ತಾ ಹೋಗುತ್ತೇನೆ. ಒಂದು ವೇಳೆ ದುಡ್ಡು ಸಾಲದಿದ್ದರೆ ಯಾವುದನ್ನು ವಾಪಸ್ ಇಡಬೇಕು ಅಂತಲೂ ಮೊದಲೇ ಗುರುತು ಮಾಡಿಕೊಂಡಿರುತ್ತೇನೆ. ಬಿಲ್ ಬಂದಾಗ ಮೊತ್ತ ನನ್ನ ಲೆಕ್ಕಕ್ಕೆ ಹೊಂದಿದರೆ ಮಾತ್ರ ಉಸಿರು ಸಲೀಸಾಗುತ್ತದೆ.

ಹೊಸ ಬಟ್ಟೆ ತಂದರೆ ಕೂಡಲೇ ಹಾಕಿಕೊಳ್ಳುವುದಿಲ್ಲ. ಒಳ್ಳೆ ಟವೆಲ್, ಒಳ್ಳೆ ಪೆನ್ನು, ಯಾರೋ ಕೊಟ್ಟ ಸುಗಂಧದ ಬಾಟಲಿ, ಎಲ್ಲ "ಆಮೇಲೆ"ಗೆ ಅಂತ ಕಪಾಟಿನಲ್ಲಿ ಕೂತಿರುತ್ತವೆ. ಆ ಆಮೇಲೆ ಬರುವಷ್ಟರಲ್ಲಿ ಬಟ್ಟೆ ಬಿಗಿಯಾಗಿರುತ್ತದೆ, ಪೆನ್ನಿನ ಶಾಯಿ ಒಣಗಿರುತ್ತದೆ.

ಬಡ ಮನೆಯಲ್ಲಿ ಬೆಳೆದವರಿಗೆ ಇಂಥವು ಎಷ್ಟು ಉಳಿದಿವೆ? ಯಾವುದನ್ನು ಖುಷಿಯಿಂದ ಇಟ್ಟುಕೊಂಡಿದ್ದೀರಿ? ಯಾವುದನ್ನು ಬಿಡಬೇಕು ಅನ್ನಿಸಿದರೂ ಬಿಡಲು ಆಗುತ್ತಿಲ್ಲ?

ಹೊಲಿಗೆಡಬ್ಬಿ

ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುವುದು. ಪೇಸ್ಟ್ ಟ್ಯೂಬನ್ನು ಕತ್ತರಿಸಿ ಒಳಗಿನದನ್ನು ಕೆರೆದು ತೆಗೆಯುವುದು. ಶಾಂಪೂ ಬಾಟಲಿಗೆ ಕೊನೆಗೆ ನೀರು ಹಾಕಿ ಅಲ್ಲಾಡಿಸುವುದು. ಪ್ಲಾಸ್ಟಿಕ್ ಕವರುಗಳನ್ನು ಮಡಚಿ ಇನ್ನೊಂದು ಕವರಿನೊಳಗೆ ತುಂಬಿಡುವುದು. ಹರಿದ ಅಂಗಿ ಎಸೆಯುವ ಮೊದಲು ಗುಂಡಿ ಬಿಚ್ಚಿಕೊಳ್ಳುವುದು. ಒಂದು ಬದಿ ಖಾಲಿ ಇರುವ ಕಾಗದ ಕಂಡರೆ ಎತ್ತಿಡುವುದು.

ಇವು ಯಾವುದನ್ನೂ ನಾನು ಬಿಡುವುದಿಲ್ಲ. ಬಿಡಬೇಕಾದ ಕಾರಣವೂ ಕಾಣುತ್ತಿಲ್ಲ. ನಮ್ಮಮ್ಮ ಒಂದು ಬಟ್ಟೆಯನ್ನು ಅಕ್ಕನಿಗೆ ಹೊಲಿಯುವಾಗಲೇ ಒಳಗೆ ಅಗಲವಾದ ಮಡಿಕೆ ಬಿಟ್ಟಿರುತ್ತಿದ್ದಳು. ಅಕ್ಕ ಬೆಳೆದ ಹಾಗೆ ಮಡಿಕೆ ಬಿಚ್ಚುತ್ತಿದ್ದಳು. ಆಮೇಲೆ ಅದು ನನಗೆ ಬರುತ್ತಿತ್ತು, ಕೊನೆಗೆ ಒರೆಸುವ ಬಟ್ಟೆ ಆಗುತ್ತಿತ್ತು. ಇದನ್ನು ಜಿಪುಣತನ ಅಂದರೆ ನನಗೆ ಸಿಟ್ಟು ಬರುತ್ತದೆ. ಒಂದು ವಸ್ತುವಿನ ಪೂರ್ತಿ ಆಯಸ್ಸು ಎಷ್ಟು ಅಂತ ಗೊತ್ತಿದ್ದವರು ಮಾಡುವ ಕೆಲಸ ಅದು. ಮನೆಯಲ್ಲಿ ಮಿಕ್ಸರ್ ನಿಂತರೆ, ನಲ್ಲಿ ಸೋರಿದರೆ, ಚೀಲದ ಜಿಪ್ ಕಿತ್ತರೆ ನಾನೇ ಸರಿ ಮಾಡುತ್ತೇನೆ. ದುಡ್ಡು ಉಳಿಯುತ್ತದೆ ಅನ್ನುವುದು ಒಂದು ಕಡೆ ಇರಲಿ, ಕೈಗೆ ಬಂದ ವಿದ್ಯೆಯನ್ನು ಯಾಕೆ ಕಳೆದುಕೊಳ್ಳಬೇಕು?

ಮನೆಲೆಕ್ಕ

ಸಂಬಳ ಹೆಚ್ಚಿದ ಕೂಡಲೇ ಈ ಎಚ್ಚರಿಕೆ ಕರಗಿ ಹೋಗಬೇಕು ಅಂತ ಹಲವರು ಅಂದುಕೊಳ್ಳುತ್ತಾರೆ. ಅದು ಹಾಗಲ್ಲ. ಉಲ್ರೀಕೆ ಮಾಲ್ಮೆಂಡಿಯರ್ ಅನ್ನುವ ಅರ್ಥಶಾಸ್ತ್ರಜ್ಞೆ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಸ್ಟೀಫನ್ ನಾಗೆಲ್ ಜೊತೆ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಷೇರು ಮಾರುಕಟ್ಟೆ ಬಿದ್ದ ಕಾಲವನ್ನು ಕಂಡು ಬದುಕಿದವರು ಆಮೇಲೂ ಷೇರಿನಲ್ಲಿ ದುಡ್ಡು ಹಾಕಲು ಹಿಂಜರಿಯುತ್ತಾರೆ ಅಂತ ತೋರಿಸಿದರು. ನಂತರ ಇನ್ನೊಂದು ಅಧ್ಯಯನದಲ್ಲಿ, ಕೆಲಸ ಸಿಗದ ಕಷ್ಟಕಾಲವನ್ನು ಹೆಚ್ಚು ಕಂಡವರು ಅಷ್ಟೇ ಆದಾಯ ಇರುವ ಬೇರೆಯವರಿಗಿಂತ ಕಡಿಮೆ ಖರ್ಚು ಮಾಡುತ್ತಾರೆ, ರಿಯಾಯಿತಿ ಹುಡುಕುತ್ತಾರೆ ಅಂತ ಕಂಡುಬಂತು. ಅಂದರೆ ಈಗಿನ ಆದಾಯ ಒಂದೇ ಇದ್ದರೂ ಹಿಂದಿನ ಅನುಭವ ಕೈ ಹಿಡಿದೇ ಇರುತ್ತದೆ.

ನನ್ನ ಅಭ್ಯಾಸ ಹೇಳುತ್ತೇನೆ. ದುಡ್ಡನ್ನು ಒಂದೇ ಕಡೆ ಇಡುವುದಿಲ್ಲ. ಖಾತೆಯಲ್ಲಿ ಸ್ವಲ್ಪ, ಪುಸ್ತಕದ ಮಧ್ಯೆ ಸ್ವಲ್ಪ, ಹಳೇ ಚೀಲದ ಒಳಜೇಬಿನಲ್ಲಿ ಸ್ವಲ್ಪ. ಯಾರಿಗಾದರೂ ಚಿಕ್ಕ ಮೊತ್ತ ಕೊಡಬೇಕಿದ್ದರೂ ಅದು ತೀರುವ ತನಕ ನಿದ್ದೆ ಬರುವುದಿಲ್ಲ. ಬಾಗಿಲು ಜೋರಾಗಿ ಬಡಿದರೆ ಈಗಲೂ ಎದೆ ಝಲ್ ಅನ್ನುತ್ತದೆ. ಚಿಕ್ಕಂದಿನಲ್ಲಿ ಸಾಲ ಕೊಟ್ಟವರು ಬಂದಾಗ "ಅಪ್ಪ ಮನೆಯಲ್ಲಿಲ್ಲ" ಅಂತ ಹೇಳಲು ನನ್ನನ್ನೇ ಕಳಿಸುತ್ತಿದ್ದರು. ಮಕ್ಕಳನ್ನು ಬೈಯುವುದಿಲ್ಲ ಅನ್ನುವ ಲೆಕ್ಕಾಚಾರ ಅದು.

ರಾತ್ರಿಪಾಳಿ

ಎಲ್ಲರೂ ಉಳಿಸುವ ಕಥೆಯನ್ನೇ ಹೇಳುತ್ತಿದ್ದೀರಿ. ನನ್ನದು ತದ್ವಿರುದ್ಧ. ಕೈಗೆ ದುಡ್ಡು ಬಂದರೆ ನಿಲ್ಲುವುದಿಲ್ಲ. ನಾನೂ ಬಡ ಮನೆಯಲ್ಲೇ ಬೆಳೆದವನು, ಇದೂ ಅಲ್ಲಿಂದಲೇ ಬಂದದ್ದು.

ನಮ್ಮ ಮನೆಯಲ್ಲಿ ಉಳಿಸಿದ ದುಡ್ಡು ಯಾವತ್ತೂ ಉಳಿಸಿದವರ ಕೈಗೆ ಸಿಗುತ್ತಿರಲಿಲ್ಲ. ನಾನು ಡಬ್ಬಿಯಲ್ಲಿ ಕೂಡಿಟ್ಟ ಚಿಲ್ಲರೆ ಒಂದು ದಿನ ಔಷಧಿಗೆ ಹೋಯಿತು, ಇನ್ನೊಂದು ದಿನ ಬಾಡಿಗೆಗೆ. ಯಾರದೂ ತಪ್ಪಿಲ್ಲ, ಅಗತ್ಯ ಇತ್ತು. ಆದರೆ ಆ ಹುಡುಗ ಕಲಿತ ಪಾಠ ಏನು? ಇವತ್ತು ಖರ್ಚು ಮಾಡಿದರೆ ಮಾತ್ರ ನಿನ್ನದು, ನಾಳೆಗಿಟ್ಟರೆ ಯಾರದೋ. ಈಗ ಸಂಬಳ ಬಂದ ದಿನವೇ ಏನಾದರೂ ಕೊಂಡುಬಿಡುತ್ತೇನೆ. ಕೊಂಡ ಮೇಲೆ ಒಂದು ನೆಮ್ಮದಿ: ಇದನ್ನಂತೂ ಯಾರೂ ಕಿತ್ತುಕೊಳ್ಳಲಾರರು.

ಜನ ಇದನ್ನು ಶಿಸ್ತಿಲ್ಲದ ಜೀವನ ಅಂತಾರೆ. ಶಿಸ್ತಿನ ಮಾತು ಕೇಳಿ ಕೇಳಿ ಸಾಕಾಗಿದೆ.

ಓದುಗಿತ್ತಿ

ರಾತ್ರಿಪಾಳಿಯವರೇ, ನೀವು ಹೇಳಿದ್ದಕ್ಕೆ ಪುರಾವೆ ಇದೆ. ನಾನು ಮಕ್ಕಳ ಜೊತೆ ಕೆಲಸ ಮಾಡುವವಳು, ಹಾಗಾಗಿ ಈ ವಿಷಯ ನನಗೆ ತುಂಬ ಹತ್ತಿರದ್ದು.

ಒಂದು ಹಳೇ ಪ್ರಯೋಗ ಎಲ್ಲರಿಗೂ ಗೊತ್ತು. ಮಗುವಿನ ಮುಂದೆ ಒಂದು ಸಿಹಿ ಇಡುತ್ತಾರೆ, ಕಾದರೆ ಎರಡು ಕೊಡುತ್ತೇವೆ ಅನ್ನುತ್ತಾರೆ. ಕಾಯುವ ಮಗುವಿಗೆ ಸಂಯಮ ಇದೆ, ಕಾಯದ ಮಗುವಿಗೆ ಇಲ್ಲ ಅಂತ ಜನ ತೀರ್ಮಾನ ಮಾಡಿಬಿಡುತ್ತಾರೆ. ಸೆಲೆಸ್ಟ್ ಕಿಡ್ ಮತ್ತು ಜೊತೆಗಾರರು ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಇದನ್ನೇ ಸ್ವಲ್ಪ ಬದಲಿಸಿ ಮಾಡಿದರು. 2013ರಲ್ಲಿ ಅದು ಪ್ರಕಟವಾಯಿತು. ಸಿಹಿ ಇಡುವ ಮೊದಲು, ಬಣ್ಣ ಹಚ್ಚಲು ಒಳ್ಳೆ ಸಾಮಾನು ತಂದುಕೊಡುತ್ತೇವೆ ಅಂತ ಮಕ್ಕಳಿಗೆ ಮಾತು ಕೊಟ್ಟರು. ಅರ್ಧ ಮಕ್ಕಳಿಗೆ ತಂದುಕೊಟ್ಟರು. ಉಳಿದ ಅರ್ಧಕ್ಕೆ "ಇಲ್ಲ, ನಮ್ಮ ಹತ್ತಿರ ಇಲ್ಲ" ಅಂದರು. ಆಮೇಲೆ ಸಿಹಿಯ ಪರೀಕ್ಷೆ. ಮಾತು ಉಳಿಸಿಕೊಂಡವರ ಜೊತೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಜೊತೆ ಸುಮಾರು 3 ನಿಮಿಷ. ಇದ್ದದ್ದು 28 ಮಕ್ಕಳಷ್ಟೇ, ಸಣ್ಣ ಪ್ರಯೋಗ. ಆದರೂ ಅಂತರ ಎಷ್ಟಿದೆ ನೋಡಿ.

ಕೊಟ್ಟ ಮಾತು ನಿಲ್ಲದ ಮನೆಯಲ್ಲಿ ಕಾಯುವುದೇ ದಡ್ಡತನ. ನೀವು ಡಬ್ಬಿಯಿಂದ ಕಲಿತದ್ದು ಆ ಹೊತ್ತಿಗೆ ಸರಿಯಾದ ಪಾಠವೇ. ಈಗ ಬದಲಾಗಿರುವುದು ಒಂದೇ: ನಿಮ್ಮ ಖಾತೆಗೆ ಬೇರೆ ಯಾರೂ ಕೈ ಹಾಕುವುದಿಲ್ಲ. ಅದನ್ನು ಮನಸ್ಸು ನಂಬಲು ಸಮಯ ಬೇಕು, ಬೈಗುಳ ಬೇಕಿಲ್ಲ.

ಕೊನೆಬೆಂಚು

ಸೋಪು, ಕವರು, ಲೆಕ್ಕ, ಇವೆಲ್ಲ ಹೊರಗೆ ಕಾಣುವ ಅಭ್ಯಾಸಗಳು. ನನ್ನನ್ನು ಹೆಚ್ಚು ಕಾಡಿದ್ದು ಕಾಣದೇ ಇರುವುದು. ನಾನು ಏನನ್ನೂ ಕೇಳುವುದಿಲ್ಲ.

ಶಾಲೆಯಲ್ಲಿ ಪ್ರವಾಸದ ಚೀಟಿ ಕೊಟ್ಟರೆ ಮನೆಗೆ ತಲುಪಿಸುತ್ತಲೇ ಇರಲಿಲ್ಲ. ಅಮ್ಮನ ಮುಖದಲ್ಲಿ ಆ ಒಂದು ಕ್ಷಣದ ಲೆಕ್ಕಾಚಾರ ನೋಡಬೇಕಾಗುತ್ತದಲ್ಲ, ಅದಕ್ಕಿಂತ "ನನಗೆ ಪ್ರವಾಸ ಇಷ್ಟ ಇಲ್ಲ" ಅಂತ ಟೀಚರಿಗೆ ಹೇಳುವುದು ಸುಲಭ. ಶೂ ಬಿಗಿಯಾದರೆ ಹೇಳುತ್ತಿರಲಿಲ್ಲ, ಬೆರಳು ಮಡಚಿಕೊಂಡು ನಡೆಯುತ್ತಿದ್ದೆ. ಬೋರ್ಡ್ ಮಸುಕಾಗಿ ಕಾಣುತ್ತಿದ್ದರೂ ಕನ್ನಡಕದ ಮಾತು ಎತ್ತಲಿಲ್ಲ. ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದೆ. ಯಾರೂ ನನಗೆ ಹೀಗಿರು ಅಂತ ಹೇಳಿಕೊಟ್ಟಿರಲಿಲ್ಲ. ಬಡ ಮನೆಯ ಮಕ್ಕಳಿಗೆ ಅಪ್ಪ ಅಮ್ಮನ ಜೇಬಿನ ಸ್ಥಿತಿ ಹೇಳದೆಯೂ ಗೊತ್ತಾಗುತ್ತದೆ.

ದೊಡ್ಡವನಾದ ಮೇಲೆ ಅದೇ ಅಭ್ಯಾಸ ಬೇರೆ ವೇಷ ಹಾಕಿತು. ಆಫೀಸಿನಲ್ಲಿ ಸಂಬಳ ಹೆಚ್ಚಿಸಿ ಅಂತ ಕೇಳಲು ಬಾಯಿ ಬರುವುದಿಲ್ಲ. ಹಾಳಾದ ಕುರ್ಚಿಯಲ್ಲೇ ಕೂರುತ್ತೇನೆ. ಕೆಲಸ ಜಾಸ್ತಿಯಾದರೆ ಒಬ್ಬರ ಸಹಾಯ ಬೇಕು ಅನ್ನುವುದಿಲ್ಲ. ಯಾರಾದರೂ ಏನಾದರೂ ಕೊಡಲು ಬಂದರೆ ಅವರ ಮಾತು ಮುಗಿಯುವ ಮೊದಲೇ "ಬೇಡ ಬೇಡ" ಅಂದುಬಿಟ್ಟಿರುತ್ತೇನೆ. ಬೇಕೋ ಬೇಡವೋ ಅಂತ ನನ್ನನ್ನೇ ಕೇಳಿಕೊಳ್ಳುವಷ್ಟೂ ಸಮಯ ಇರುವುದಿಲ್ಲ.

ಎಲ್ಲಕ್ಕಿಂತ ದುಬಾರಿಯಾದದ್ದು ಆಸ್ಪತ್ರೆ. ನಮ್ಮ ಮನೆಯಲ್ಲಿ ಕಾಯಿಲೆಯಲ್ಲಿ ಎರಡೇ ವಿಧ. ತಾನಾಗಿ ಹೋಗುವಂಥದ್ದು, ಮತ್ತು ಎದ್ದೇಳಲು ಆಗದಂಥದ್ದು. ಎರಡನೆಯದು ಬಂದಾಗ ಮಾತ್ರ ಡಾಕ್ಟರು. ಹಲ್ಲುನೋವಿಗೆ ಯಾರೂ ಡಾಕ್ಟರ ಹತ್ತಿರ ಹೋದದ್ದೇ ಇಲ್ಲ. ನನಗೂ ನೋವು ಸಹಿಸುವುದು ದೊಡ್ಡ ಗುಣ ಅಂತ ಅನ್ನಿಸಿಬಿಟ್ಟಿತ್ತು. ಹಲ್ಲಿನಲ್ಲಿ ಸಣ್ಣ ತೂತು ಇದ್ದಾಗ ತುಂಬಿಸುವ ಖರ್ಚು ಕಡಿಮೆ. ಬೇರಿನ ತನಕ ಹೋದ ಮೇಲೆ ಖರ್ಚೂ ಜಾಸ್ತಿ, ನೋವೂ ಜಾಸ್ತಿ, ಕೆಲವೊಮ್ಮೆ ಹಲ್ಲೇ ಹೋಗುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ನೋವನ್ನೇ ಕೊಡದೆ ವರ್ಷಗಟ್ಟಲೆ ಒಳಗಿರಬಲ್ಲವು. ಎದ್ದೇಳಲು ಆಗದ ದಿನಕ್ಕೆ ಕಾಯುವವರಿಗೆ ಅವು ತುಂಬ ಅಪಾಯ. ಕೈಯಲ್ಲಿ ದುಡ್ಡು ಇದ್ದೂ ಹೀಗೆ ಕಾಯುತ್ತಿರುವವರು ಇಲ್ಲಿ ಇದ್ದರೆ, ದಯವಿಟ್ಟು ಈ ವಾರವೇ ಒಮ್ಮೆ ತೋರಿಸಿಕೊಳ್ಳಿ.

ಎರಡನೇಮಗಳು

ಕೊನೆಬೆಂಚು, ನಿಮ್ಮ ಮಾತು ಓದಿ ತುಂಬ ಹೊತ್ತು ಸುಮ್ನೆ ಕೂತಿದ್ದೆ. ಕೇಳುವ ಮೊದಲೇ ಬೇಡ ಅನ್ನುವುದು ನನ್ನಲ್ಲೂ ಇದೆ. ಅದಕ್ಕೂ ಬಡತನಕ್ಕೂ ಸಂಬಂಧ ಇದೆ ಅಂತ ಹೊಳೆದಿರಲೇ ಇಲ್ಲ, ನನ್ನ ಸ್ವಭಾವವೇ ಹಾಗೆ ಅಂದುಕೊಂಡಿದ್ದೆ. ಇದನ್ನು ಹೇಗೆ ಬದಲಿಸಿಕೊಂಡಿರಿ?

ಕೊನೆಬೆಂಚು

ಪೂರ್ತಿ ಬದಲಾಗಿಲ್ಲ. ಒಂದು ಉಪಾಯ ಸ್ವಲ್ಪ ಕೆಲಸ ಮಾಡಿದೆ. ಬೇಡ ಅನ್ನುವ ಬದಲು "ಯೋಚನೆ ಮಾಡಿ ಹೇಳ್ತೀನಿ" ಅನ್ನುತ್ತೇನೆ. ಆ ಬಿಡುವಿನಲ್ಲಿ ನಿಜವಾದ ಉತ್ತರ ಬರುತ್ತದೆ. ಸಂಬಳದ ವಿಷಯವನ್ನು ಬಾಯಲ್ಲಿ ಹೇಳಲು ಆಗದೆ ಬರೆದು ಕೊಟ್ಟೆ. ಬರೆಯುವಾಗ ಧ್ವನಿ ನಡುಗುವ ಭಯ ಇಲ್ಲ.

ಹಳೇಸೈಕಲ್

ಊಟದ ವಿಷಯ ಯಾರೂ ಎತ್ತಲಿಲ್ಲ. ನಾನು ತುಂಬ ವೇಗವಾಗಿ ತಿನ್ನುತ್ತೇನೆ. ಒಡಹುಟ್ಟಿದವರು ಜಾಸ್ತಿ, ಪಾತ್ರೆ ಒಂದು. ನಿಧಾನವಾಗಿ ತಿಂದವರಿಗೆ ಎರಡನೇ ಸಲ ಸಿಗುತ್ತಿರಲಿಲ್ಲ. ಈಗ ಒಬ್ಬನೇ ಕೂತು ತಿಂದರೂ ಅದೇ ವೇಗ. ತಟ್ಟೆಯಲ್ಲಿ ಒಂದು ಅಗುಳೂ ಬಿಡುವುದಿಲ್ಲ. ಹೊಟ್ಟೆ ತುಂಬಿದರೂ ಎದುರಿಗಿದ್ದದ್ದು ಮುಗಿಯಬೇಕು. ಪಾತ್ರೆಯ ತಳದಲ್ಲಿ ಉಳಿದದ್ದನ್ನೂ ನಾನೇ ಮುಗಿಸುತ್ತೇನೆ. ಎಲ್ಲಾದರೂ ಊಟ ಸಿಗುತ್ತದೆ ಅಂದರೆ ಹಸಿವಿದೆಯೋ ಇಲ್ಲವೋ ಅಂತ ನೋಡುವುದೇ ಇಲ್ಲ, ಕೂತುಬಿಡುತ್ತೇನೆ.

ಒಂದು ಒಳ್ಳೆ ಅಭ್ಯಾಸವೂ ಇದೆ. ಹೊರಗೆ ಊಟಕ್ಕೆ ಹೋದಾಗ ಯಾರು ಬರೀ ನೀರು ಕುಡಿದು "ಈಗ ತಾನೇ ತಿಂದು ಬಂದೆ" ಅನ್ನುತ್ತಾರೋ ಅವರ ಮೇಲೆ ನನ್ನ ಕಣ್ಣು ಹೋಗುತ್ತದೆ. ಆ ಸುಳ್ಳನ್ನು ನಾನೂ ತುಂಬ ಸಲ ಹೇಳಿದ್ದೇನೆ. ಆಗ ನಾನು ಜಾಸ್ತಿ ಆರ್ಡರ್ ಮಾಡಿ ಮಧ್ಯದಲ್ಲಿ ಇಡುತ್ತೇನೆ. ಯಾರನ್ನೂ ಹೆಸರು ಹಿಡಿದು ಒತ್ತಾಯ ಮಾಡುವುದಿಲ್ಲ, ಅದು ಇನ್ನೂ ಮುಜುಗರ.

ಓದುಗಿತ್ತಿ

ಹಸಿವು ನೋಡದೆ ತಿನ್ನುವುದರ ಬಗ್ಗೆ ಸಾರಾ ಹಿಲ್ ಮತ್ತು ಸಂಗಡಿಗರ 2016ರ ಅಧ್ಯಯನ ಒಂದಿದೆ. ಅನುಕೂಲವಂತರ ಮನೆಯಲ್ಲಿ ಬೆಳೆದವರು ಹಸಿದಾಗ ಜಾಸ್ತಿ ತಿಂದರು, ಹಸಿವಿಲ್ಲದಾಗ ಕಡಿಮೆ ತಿಂದರು. ಬಡ ಮನೆಯಲ್ಲಿ ಬೆಳೆದವರು ಹಸಿವಿಲ್ಲದಿದ್ದರೂ ಹೆಚ್ಚುಕಡಿಮೆ ಅಷ್ಟೇ ತಿಂದರು. ಗಮನಿಸಬೇಕಾದದ್ದು ಏನೆಂದರೆ, ಇದು ಅವರ ಬಾಲ್ಯದ ಸ್ಥಿತಿಗೆ ಹೊಂದುತ್ತಿತ್ತು, ಈಗಿನ ಸ್ಥಿತಿಗಲ್ಲ. ಆಹಾರ ಮತ್ತೆ ಯಾವಾಗ ಸಿಗುತ್ತದೋ ಗೊತ್ತಿಲ್ಲದಾಗ, ಸಿಕ್ಕಾಗ ತಿನ್ನುವುದೇ ಜಾಣತನ. ದೇಹ ಅದನ್ನು ಕಲಿತುಬಿಟ್ಟಿರುತ್ತದೆ. ಹಳೇಸೈಕಲ್ ಅವರೇ, ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಚಿಕ್ಕ ತಟ್ಟೆ ಬಳಸಿ, ಉಳಿದದ್ದನ್ನು ಊಟಕ್ಕೆ ಕೂರುವ ಮೊದಲೇ ಡಬ್ಬಿಗೆ ಹಾಕಿಡಿ. ಕಣ್ಣೆದುರು ಇಲ್ಲದಿದ್ದರೆ ಮುಗಿಸಬೇಕು ಅನ್ನುವ ಒತ್ತಡವೂ ಇರುವುದಿಲ್ಲ.

ಜೊತೆಗಾರ

ನಾನು ಅನುಕೂಲ ಇದ್ದ ಮನೆಯಲ್ಲಿ ಬೆಳೆದವನು. ನನ್ನ ಹೆಂಡತಿ ಬಡ ಮನೆಯವಳು. ಇದನ್ನೆಲ್ಲ ಓದುತ್ತಾ ನಮ್ಮ ಮನೆಯ ಎಷ್ಟೋ ಜಗಳಗಳಿಗೆ ಕಾರಣ ಸಿಕ್ಕಿತು. ಕೋಣೆಯಿಂದ ನಾನು ಹೊರಗೆ ಬಂದು ಎರಡು ನಿಮಿಷದಲ್ಲಿ ವಾಪಸ್ ಹೋದರೂ ಲೈಟ್ ಆರಿಸಿರುತ್ತಾಳೆ. ಮಕ್ಕಳಿಗೆ, ತವರಿಗೆ ಎಷ್ಟು ಬೇಕಾದರೂ ಖರ್ಚು ಮಾಡುತ್ತಾಳೆ, ತನಗೆ ಒಂದು ಚಪ್ಪಲಿ ಕೊಳ್ಳಲು ತಿಂಗಳುಗಟ್ಟಲೆ ಯೋಚಿಸುತ್ತಾಳೆ. ನಾನೇ ತಂದುಕೊಟ್ಟರೆ ಸಂತೋಷಕ್ಕಿಂತ ಮೊದಲು ಬೆಲೆ ಕೇಳುತ್ತಾಳೆ. "ಈಗ ನಮಗೇನು ಕಮ್ಮಿ?" ಅಂತ ಕೇಳಿದರೆ ಮಾತು ನಿಲ್ಲಿಸಿಬಿಡುತ್ತಾಳೆ. ನಾನು ಏನು ಮಾಡಬಹುದು?

ಮನೆಲೆಕ್ಕ

ಮೊದಲು ಆ "ಈಗ ನಮಗೇನು ಕಮ್ಮಿ" ಅನ್ನುವ ಮಾತು ಬಿಡಿ. ಅವರಿಗೆ ಅದು ಸಮಾಧಾನ ಕೊಡುವುದಿಲ್ಲ. ನಾವು ಬೆಳೆದ ಮನೆಗಳಲ್ಲಿ ಎಲ್ಲ ಚೆನ್ನಾಗಿದೆ ಅನ್ನಿಸಿದ ಮಾರನೇ ದಿನವೇ ಏನಾದರೂ ಮುರಿಯುತ್ತಿತ್ತು.

ಕೆಲಸ ಮಾಡುವುದು ಕಣ್ಣಿಗೆ ಕಾಣುವ ಲೆಕ್ಕ. ನಾವಿಬ್ಬರೂ ದುಡಿಯದೇ ಇದ್ದರೆ ಮನೆ ಎಷ್ಟು ತಿಂಗಳು ನಡೆಯುತ್ತದೆ ಅಂತ ಒಂದು ಹಾಳೆಯಲ್ಲಿ ಇಬ್ಬರೂ ಕೂತು ಬರೆಯಿರಿ. ಬಾಡಿಗೆ, ಶಾಲೆ, ಔಷಧಿ, ಎಲ್ಲ. ಆ ಹಣವನ್ನು ಬೇರೆ ಖಾತೆಯಲ್ಲಿಡಿ, ಅವರ ಹೆಸರೂ ಇರಲಿ. ಭಯಕ್ಕೆ ಒಂದು ಮೊತ್ತ ಸಿಕ್ಕರೆ ಅದರಾಚೆಯ ದುಡ್ಡು ಖರ್ಚು ಮಾಡಬಹುದಾದ ದುಡ್ಡು ಆಗುತ್ತದೆ. ನನ್ನ ಮನೆಯಲ್ಲಿ ಇದರಿಂದ ತುಂಬ ವ್ಯತ್ಯಾಸ ಆಯಿತು.

ಇನ್ನೊಂದು. ದುಡ್ಡಿನ ಚಿಂತೆ ತಲೆಯಲ್ಲಿ ನಿಜವಾಗಿಯೂ ಜಾಗ ತಿನ್ನುತ್ತದೆ. ತಮಿಳುನಾಡಿನ 464 ಕಬ್ಬು ಬೆಳೆಗಾರರ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದೇ ರೈತರನ್ನು ಕಟಾವಿಗೆ ಮೊದಲು ಮತ್ತು ಕಟಾವಿನ ನಂತರ ಪರೀಕ್ಷಿಸಿದರು. ಕೈ ಬರಿದಾಗಿದ್ದ ಹೊತ್ತಿನಲ್ಲಿ, ಅಂದರೆ ಕಟಾವಿಗೆ ಮೊದಲು, ಗಮನ ಮತ್ತು ಯೋಚನೆಯ ಪರೀಕ್ಷೆಗಳಲ್ಲಿ ಅವರು ಹಿಂದೆ ಬಿದ್ದರು. ಅದೇ ಮನುಷ್ಯ, ಕೈಯಲ್ಲಿ ದುಡ್ಡು ಬಂದಾಗ ಮುಂದೆ ಬಂದ. ನಿಮ್ಮ ಹೆಂಡತಿ ಬಾಲ್ಯವಿಡೀ ಆ ಕಟಾವಿಗೆ ಮೊದಲಿನ ಕಾಲದಲ್ಲೇ ಇದ್ದವರು ಅಂತ ಯೋಚಿಸಿ. ಅಂಥ ಮನೆಯಲ್ಲಿ ಓದಿ, ಕೆಲಸ ಹಿಡಿದು ಬಂದವರ ಶಕ್ತಿಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹೊಲಿಗೆಡಬ್ಬಿ

ಲೈಟ್ ಆರಿಸುವುದನ್ನು ಮಾತ್ರ ಬಿಡಿಸಬೇಡಿ ಜೊತೆಗಾರರೇ. ಅದರಲ್ಲಿ ಅವರೇ ಸರಿ.

ಅಟ್ಟದಮನೆ

ನನ್ನ ಪ್ರಶ್ನೆ ಅಪ್ಪ ಅಮ್ಮನ ಬಗ್ಗೆ. ನಾವು ಮಕ್ಕಳೆಲ್ಲ ದುಡಿಯುತ್ತೇವೆ, ಅವರಿಗೆ ಯಾವ ಕೊರತೆಯೂ ಇಲ್ಲ. ಆದರೂ ಮನೆ ತುಂಬ ಖಾಲಿ ಬಾಟಲಿ, ಕೆಟ್ಟ ರೇಡಿಯೋ, ಕಾಲು ಮುರಿದ ಕುರ್ಚಿ, ಅವಧಿ ಮುಗಿದ ಮಾತ್ರೆ. ತಮ್ಮ ಒಮ್ಮೆ ಎಲ್ಲ ಎಸೆದುಬಿಡೋಣ ಅಂದದ್ದಕ್ಕೆ ಅಮ್ಮ ಊಟ ಬಿಟ್ಟಳು.

ಓದುಗಿತ್ತಿ

ಕೊರತೆ ಕಂಡ ಮನಸ್ಸು ವಸ್ತುಗಳನ್ನು ಕೂಡಿಹಾಕುವುದು ಹೊಸದಲ್ಲ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, 1944-45ರಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರ ತಂಡ 36 ಆರೋಗ್ಯವಂತ ಯುವಕರಿಗೆ ತಿಂಗಳುಗಟ್ಟಲೆ ಅರೆಹೊಟ್ಟೆ ಊಟ ಕೊಟ್ಟು ಪರೀಕ್ಷಿಸಿತು. ಅವರು ತಾವಾಗಿ ಮುಂದೆ ಬಂದವರು, ಪ್ರಯೋಗ ಒಂದು ದಿನ ಮುಗಿಯುತ್ತದೆ ಅಂತ ಗೊತ್ತಿದ್ದವರು. ಅವರಲ್ಲೂ ಕೆಲವರು ಅಡುಗೆ ಪಾತ್ರೆ, ಹಳೇ ಪುಸ್ತಕ, ಹಾಕಿಕೊಳ್ಳಲು ಬಾರದ ಬಟ್ಟೆ ಎಲ್ಲ ಕೊಂಡು ಕೂಡಿಹಾಕಲು ಶುರು ಮಾಡಿದರು. ಯಾಕೆ ಕೊಂಡೆವು ಅಂತ ಅವರಿಗೇ ಗೊತ್ತಾಗುತ್ತಿರಲಿಲ್ಲ. ನಿಮ್ಮ ಅಮ್ಮ ಕೊರತೆ ಕಂಡದ್ದು ಕೆಲವು ತಿಂಗಳಲ್ಲ, ಅರ್ಧ ಜೀವನ.

ಒಂದೇ ದಿನ ಎಲ್ಲ ಖಾಲಿ ಮಾಡಲು ಹೋಗಬೇಡಿ. ಅವರಿಲ್ಲದಾಗಂತೂ ಎಸೆಯಲೇಬೇಡಿ. ಅವಧಿ ಮುಗಿದ ಮಾತ್ರೆಯಿಂದ ಶುರು ಮಾಡಿ, ಅದು ಆರೋಗ್ಯದ ವಿಷಯ, ಮಾತಾಡಲು ಸುಲಭ. ಉಳಿದದ್ದಕ್ಕೆ "ಎಸೆಯೋಣ" ಅನ್ನಬೇಡಿ, "ಇದು ಯಾರಿಗೆ ಉಪಯೋಗಕ್ಕೆ ಬರಬಹುದು?" ಅಂತ ಅವರನ್ನೇ ಕೇಳಿ. ವಸ್ತು ಹಾಳಾಗುವುದನ್ನು ಅವರು ಸಹಿಸಲಾರರು, ಆದರೆ ಇನ್ನೊಬ್ಬರಿಗೆ ಕೊಡಲು ಹಿಂದೆಮುಂದೆ ನೋಡುವವರಲ್ಲ.

ಅಟ್ಟದಮನೆ

ಕೊಡುವ ವಿಷಯ ಸರಿಯಾಗಿ ಹೇಳಿದಿರಿ. ನಮ್ಮ ಹತ್ತಿರ ಏನೂ ಇಲ್ಲದ ದಿನಗಳಲ್ಲೂ ಅಮ್ಮ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದ್ದಿಲ್ಲ. ರೇಡಿಯೋದ ವಿಷಯ ಹಾಗೇ ಕೇಳಿ ನೋಡುತ್ತೇನೆ.

ರಾತ್ರಿಪಾಳಿ

ಕೊನೆಗೆ ಮಕ್ಕಳ ವಿಷಯ ಕೇಳಬೇಕಿತ್ತು. ನನ್ನ ಮಗಳಿಗೆ ಆರು ವರ್ಷ. ನನಗೆ ಸಿಗದೇ ಇದ್ದದ್ದನ್ನೆಲ್ಲ ಅವಳಿಗೆ ಕೊಡಿಸಬೇಕು ಅನ್ನಿಸುತ್ತದೆ. ಅದೇ ಹೊತ್ತಿಗೆ, ಅವಳಿಗೆ ದುಡ್ಡಿನ ಬೆಲೆ ಗೊತ್ತಾಗಬೇಕು ಅಂತಲೂ ಅನ್ನಿಸುತ್ತದೆ. ನೀವೆಲ್ಲ ಏನು ಮಾಡುತ್ತೀರಿ?

ಕೊನೆಬೆಂಚು

ನಾನು ಒಂದು ವಿಷಯದಲ್ಲಿ ಗಟ್ಟಿಯಾಗಿದ್ದೇನೆ. ನಮ್ಮ ಕಷ್ಟದ ಕಥೆಯನ್ನು ಮಗುವಿನ ಆಸೆಯ ಎದುರು ಇಡಬಾರದು. ಮಗು ಆಟಿಕೆ ಕೇಳಿದಾಗ "ನಮಗೆ ಆಗ ಏನೂ ಇರಲಿಲ್ಲ ಗೊತ್ತಾ" ಅಂದರೆ ಮಗು ಕಲಿಯುವುದು ದುಡ್ಡಿನ ಬೆಲೆಯನ್ನಲ್ಲ. ಕೇಳುವುದೇ ತಪ್ಪು ಅಂತ ಕಲಿಯುತ್ತದೆ. ಕಥೆ ಹೇಳಿ, ಖಂಡಿತ ಹೇಳಿ, ಬೇರೆ ಹೊತ್ತಿನಲ್ಲಿ. ಇಲ್ಲ ಅನ್ನಬೇಕಾದಾಗ ಕಾರಣ ನೇರವಾಗಿ ಹೇಳಿ: ಈ ತಿಂಗಳು ಇದಕ್ಕೆ ದುಡ್ಡು ಎತ್ತಿಟ್ಟಿಲ್ಲ, ಮುಂದಿನ ತಿಂಗಳು ನೋಡೋಣ. ನೋಡೋಣ ಅಂದರೆ ನೋಡಲೇಬೇಕು.

ಅವಳಿಗೆ ಒಂದು ಡಬ್ಬಿ ಕೊಡಿ ರಾತ್ರಿಪಾಳಿಯವರೇ. ಮನೆಯಲ್ಲಿ ಎಂಥ ಅವಸರ ಬಂದರೂ ಆ ಡಬ್ಬಿಯನ್ನು ಮುಟ್ಟಬೇಡಿ. ಅದರಲ್ಲಿದ್ದದ್ದನ್ನು ಯಾವಾಗ, ಯಾವುದಕ್ಕೆ ಖರ್ಚು ಮಾಡಬೇಕು ಅಂತ ಅವಳೇ ಹೇಳಲಿ.

ರಾತ್ರಿಪಾಳಿ

ಈ ಭಾನುವಾರ ಅವಳನ್ನೇ ಕರೆದುಕೊಂಡು ಹೋಗಿ ಡಬ್ಬಿ ಆರಿಸಲು ಹೇಳುತ್ತೇನೆ. ಬೀಗ ಇರುವಂಥದ್ದೇ ತರುತ್ತೇವೆ, ಕೀಲಿ ಅವಳ ಹತ್ತಿರವೇ ಇರಲಿ.